‘ಇಲಿ ಬಿದ್ದಿದೆಯಾ?’ ಅಂತ ಕೇಳೋಕೆ ಬರ್ತಿದ್ದವರು

ತುಮಕೂರಿಂದ ಗುಬ್ಬಿ ಕಡೆ ರೈಲಲ್ಲಿ ಕೂತು ಇದನ್ನ ಕೇಳ್ತಿದ್ದೀರಾ? ಇವತ್ತು ಅದೇ ಹಳಿಯ ಕಥೆ.

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು. ಹುಬ್ಬಳ್ಳಿ ಕಡೆಯಿಂದ ರೈಲಲ್ಲೇ ಬಂತು ಅಂತಾರೆ. ಅಂದ್ರೆ ನಮ್ಮ ಗುಬ್ಬಿ, ತುಮಕೂರು ದಾಟಿಕೊಂಡು. ಆಮೇಲೆ ವರ್ಷಾನುಗಟ್ಟಲೆ ಮೈಸೂರು ಸಂಸ್ಥಾನದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಅಂದ್ರೆ ಜನಕ್ಕೆ ಭಯ. ಅವರ ಮೊದಲ ಪ್ರಶ್ನೆ: ಮನೇಲಿ ಇಲಿ ಬಿದ್ದಿದೆಯಾ? ಹೌದು ಅಂದ್ರೆ ಹೆಂಚು ತೆಗೆಸಿ ಬಿಸಿಲು ಬಿಡ್ಸೋದು, ನೆಲಕ್ಕೆ ಔಷಧಿ ಹೊಯ್ಸೋದು, ಮನೆಯವರನ್ನ ಊರಾಚೆ ಶೆಡ್ಡಿಗೆ ಕಳ್ಸೋದು. ಅದಕ್ಕೇ ಎಷ್ಟೋ ಜನ ಸತ್ತ ಇಲಿನ ಬಚ್ಚಿಡ್ತಿದ್ರು. ಜ್ವರ ಬಂದವರನ್ನೂ. ಪುಣೆಯಲ್ಲಂತೂ ಸೈನಿಕರನ್ನ ಮನೆಯೊಳಗೆ ನುಗ್ಗಿಸಿದ ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ 1897ರಲ್ಲಿ ಗುಂಡೇ ಬಿತ್ತು.

ವಿಚಿತ್ರ ನೋಡಿ, ಅಷ್ಟು ಔಷಧಿ ಕುಡಿದ ನೆಲ ಅಲ್ಲ ಅಪರಾಧಿ, ಇಲಿ ಮೈಮೇಲಿನ ಚಿಗಟ. ಫ್ರೆಂಚ್ ವೈದ್ಯ ಸಿಮೊಂ ಇದನ್ನ 1898ರಲ್ಲೇ ಕರಾಚಿಯಲ್ಲಿ ತೋರಿಸಿದ್ರು. ಸರ್ಕಾರ ಒಪ್ಪೋಕೆ ಸುಮಾರು ವರ್ಷ ಹಿಡೀತು. ಆದ್ರೆ ಮನೆ ಖಾಲಿ ಮಾಡೋದು ಮಾತ್ರ ನಿಜವಾಗ್ಲೂ ಕೆಲಸ ಮಾಡ್ತಿತ್ತು, ಚಿಗಟದಿಂದ ದೂರ ಹೋದಂಗಾಯ್ತಲ್ಲ. ಅದನ್ನ ಯಾವ ಸಾಹೇಬರೂ ಕಲಿಸಬೇಕಿರಲಿಲ್ಲ. ಇಲಿ ಬಿದ್ರೆ ಹಳ್ಳಿಯವರು ತಾವೇ ಹೊಲದಲ್ಲಿ ಗುಡಿಸಲು ಹಾಕ್ತಿದ್ರು. ಇನ್ಸ್‌ಪೆಕ್ಟರು ಮೊದಲು ಅವರನ್ನ ಕೇಳಬೇಕಿತ್ತು ಅನ್ಸುತ್ತೆ ನನಗೆ.

ಈಗ ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಆಶಾ ಕಾರ್ಯಕರ್ತೆ ಬಂದು, ಡೆಂಗಿ ಲಾರ್ವಾ ನೋಡ್ಬೇಕು, ತೊಟ್ಟಿ ಮುಚ್ಚಳ ತೆಗೀರಿ ಅಂತಾರೆ. ಅವರ ಹಿಂದೆ ಪೊಲೀಸ್ ಇರಲ್ಲ, ಕೈಲಿ ಟಾರ್ಚ್ ಇರುತ್ತೆ. ಆದ್ರೂ ನಮ್ಮ ಬೀದಿಯಲ್ಲಿ ಕೆಲವರು ಬಾಗಿಲೇ ತೆಗೆಯಲ್ಲ.

ನಿಮ್ಮ ಮನೇಲಿ ಪ್ಲೇಗ್ ಶೆಡ್ಡಿನ ಕಥೆ ಹೇಳೋ ಅಜ್ಜಿ ಇದ್ರೆ, ವಾಯ್ಸ್ ನೋಟ್ ಕಳ್ಸಿ.