ನಮ್ಮ ತಾಲೂಕಿನ ಧುತ್ತರಗಿಯವರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಧಕರ ಬಗ್ಗೆ ಮಾತಾಡ್ರಿ ಅಂತ ಸಮಿತಿಯವರು ಡಾಕ್ಟರು, ಇಂಜಿನಿಯರುಗಳ ಪಟ್ಟಿ ಕೊಟ್ಟರು. ಅವರೆಲ್ಲ ನಮ್ಮವರೇ, ಸಂತೋಷ. ಆದರೆ ನಾನು ಈ ಸಾಲಿಯಲ್ಲಿ ಓದದೇ ಇದ್ದ ಒಬ್ಬರ ಬಗ್ಗೆ ಮಾತಾಡುತ್ತೇನೆ. ಅವರು ನಮ್ಮ ಹುನಗುಂದ ತಾಲೂಕಿನ ಸೂಳೇಭಾವಿಯ ನಾಟಕಕಾರ ಪಿ.ಬಿ. ಧುತ್ತರಗಿಯವರು.

1974ರಲ್ಲಿ ಬಂದ ‘ಸಂಪತ್ತಿಗೆ ಸವಾಲ್’ ಸಿನಿಮಾ ನೋಡದವರು ಇಲ್ಲಿ ಯಾರಿದ್ದೀರಿ? ಡಾ. ರಾಜಕುಮಾರ್, ಮಂಜುಳಾ, ನಿರ್ದೇಶನ ಎ.ವಿ. ಶೇಷಗಿರಿರಾವ್. ಎಮ್ಮೆ ಮೇಲೆ ಕುಂತು ರಾಜಕುಮಾರ್ ತಾವೇ ಹಾಡಿದ ಹಾಡು ಎಲ್ಲರ ಬಾಯಲ್ಲಿದೆ. ಆ ಕಥೆ ಮಾತ್ರ ಮೊದಲು ನಾಟಕವಾಗಿತ್ತು, ಬರೆದವರು ಧುತ್ತರಗಿಯವರು. ಬೆಂಗಳೂರಿನಲ್ಲಿ ನೌಕರಿ ಮಾಡುವಾಗ ಇದನ್ನು ಹೇಳಿದರೆ ಜೊತೆಯವರು ನಂಬುತ್ತಿರಲಿಲ್ಲ. ಕಂದಗಲ್ಲ ಹನುಮಂತರಾಯರೂ ನಮ್ಮ ಸೀಮೆಯವರೇ, ‘ರಕ್ತರಾತ್ರಿ’ ಬರೆದವರು ಅಂದರೆ ಇನ್ನಷ್ಟು ನಗುತ್ತಿದ್ದರು.

ನಾನು ಹತ್ತನೇತ್ತೆ ಇದ್ದಾಗ ನಮ್ಮೂರ ಜಾತ್ರೆಗೆ ಅದೇ ನಾಟಕ ಹಿಡಿದರು. ನಮ್ಮ ಅಣ್ಣ ಹೀರೋ ಪಾರ್ಟು. ಅವನು ಕಲಿತದ್ದು ನಾಲ್ಕನೇತ್ತೆ. ಓದಲು ತಡವರಿಸುತ್ತಿದ್ದ. ನಾನು ಓದಿ ಹೇಳಬೇಕು, ಅವನು ಕೇಳಿ ಬಾಯಿಪಾಠ ಮಾಡಬೇಕು. ಎರಡು ತಿಂಗಳು ರಾತ್ರಿ ತಾಲೀಮು. ಪೇಟಿ ಮಾಸ್ತರು ಬೈದರೂ ಅಣ್ಣ ಒಂದು ಮಾತು ತಪ್ಪಿಸಲಿಲ್ಲ. ಆ ಮಾತುಗಳು ನಾಲಿಗೆಗೆ ತಾವಾಗಿ ಕೂಡುತ್ತಿದ್ದವು. ಸಾಹುಕಾರನ ಮುಂದೆ ನಿಂತು ನಾವು ಆಡಬೇಕೆಂದು ಆಡದೇ ಬಿಟ್ಟ ಮಾತುಗಳೇ ಅವು.

ಕಂಪನಿ ನಾಟಕ ಬರೆಯುವುದೆಂದರೆ ಬರೇ ಕಥೆ ಬರೆಯುವುದಲ್ಲ. ಮುಂದಿನ ಪರದೆ ಬಿಟ್ಟು ಹಾಸ್ಯದವರು ಮಾತಾಡುವಷ್ಟರಲ್ಲಿ ಹಿಂದೆ ಅರಮನೆ ಜೋಡಿಸಬೇಕು. ಅಷ್ಟು ಹೊತ್ತಿಗೆ ಸರಿಯಾಗಿ ಹಾಸ್ಯ ಇರಬೇಕು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಕಂಪನಿ ಟೆಂಟುಗಳು ಬೀಳುತ್ತವಲ್ಲ, ಅಲ್ಲಿ ಮಾತು ಸಪ್ಪಗಾದರೆ ಜನ ಎದ್ದು ಪಕ್ಕದ ಟೆಂಟಿಗೆ ಹೋಗುತ್ತಾರೆ. ಅಂಥ ಜನರನ್ನು ಬೆಳಗಿನ ತನಕ ಕೂಡಿಸಿದ ನಾಟಕಗಳು ಧುತ್ತರಗಿಯವರವು. ‘ಮಲಮಗಳು’ ನೋಡಿ ನಮ್ಮ ಅವ್ವ ಎರಡು ದಿನ ಅತ್ತಿದ್ದಳು.

ನಾಟಕದ ದಿನ ನಾನು ಪರದೆಯ ಮಗ್ಗಲು ಕುಂತು ಪುಸ್ತಕ ಹಿಡಿದೆ. ನಡುನಡುವೆ ಆಹೇರಿ ಕೂಗುತ್ತಿದ್ದರು, ಇಂಥವರ ಮಾವ ಟವೆಲ್ಲು, ಐದು ರೂಪಾಯಿ ಅಂತ. ಇಳಕಲ್ಲಿನಿಂದ ಬಂದ ನಮ್ಮ ಸೋದರಮಾವನೂ ಅಣ್ಣನಿಗೆ ಪಟಗಾ ಸುತ್ತಿದ. ಸೀನರಿ ಬಾಡಿಗೆ, ಪಾತ್ರಧಾರಿಣಿಯರ ಸಂಭಾವನೆ ಕೊಡಲು ಅಣ್ಣ ಒಂದು ಎತ್ತು ಮಾರಿದ್ದು ನಮಗೆ ಮರುದಿನ ಗೊತ್ತಾಯಿತು. ಸಂಪತ್ತಿಗೆ ಸವಾಲು ಹಾಕಿದವನು ಆ ವರ್ಷ ಒಂಟಿ ಎತ್ತಿನ ಮೇಲೆ ಮುಯ್ಯಾಳು ಹಿಡಿದು ಹೊಲ ಹರಗಿದ. ನಾನು ಗಣಿತದಲ್ಲಿ ನಪಾಸಾದೆ. ಅಪ್ಪ ಇಬ್ಬರನ್ನೂ ಹೊಡೆದ. ಒಬ್ಬ ಗುರುಗಳು, ಅವರ ಹೆಸರು ಬೇಡ, ‘ಕಂಪನಿ ನಾಟಕ ಸಾಹಿತ್ಯವೇನೋ?’ ಅಂದರು. ಆಗ ಉತ್ತರ ಕೊಡಲಿಲ್ಲ. ಗಣಿತ ಅಕ್ಟೋಬರಿನಲ್ಲಿ ಪಾಸಾಯಿತು. ಆದರೆ ಕನ್ನಡದಲ್ಲಿ ನನಗೆ ಮೊದಲೇ ವರ್ಗದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಿದ್ದಿದ್ದವು. ಅದು ಯಾರ ಪಾಠದಿಂದ ಅಂತ ನನಗೆ ಗೊತ್ತು.

ಅಣ್ಣ ಈಗಿಲ್ಲ. ಅವನ ಟ್ರಂಕಿನಲ್ಲಿ ಆ ಪುಸ್ತಕ ಸಿಕ್ಕಿತು. ರಟ್ಟು ಹೋಗಿದೆ, ಹುಳ ತಿಂದಿದೆ. ಅವನ ಮಾತು ಬರುವಲ್ಲೆಲ್ಲ ನಾನೇ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದೇನೆ. ಹೆಡ್‌ಮಾಸ್ತರ ಸರ್, ಇದನ್ನು ಸಾಲಿಯ ಗ್ರಂಥಾಲಯಕ್ಕೆ ತಂದಿದ್ದೇನೆ. ಬೀರುವಿನಲ್ಲಿ ಕೀಲಿ ಹಾಕಿ ಇಡಬೇಡ್ರಿ. ಹುಡುಗರು ಕೇಳಿದರೆ ಕೊಡ್ರಿ, ಪರೀಕ್ಷೆ ಮುಗಿದ ಮ್ಯಾಲೆ.