ಆತಂಕಕ್ಕೆ ಮದ್ದು ಎಲ್ಲಿದೆ? ಸಮ್ಮೋಹನ ಮತ್ತು ನಂಬಿಕೆಯ ಬಲ

(ಕ್ಯಾತನಹಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಸಭೆ ಸೇರಿದಾಗಲೆಲ್ಲಾ ಉಳಿತಾಯ, ಕಂತು, ಬಡ್ಡಿ, ನಡಾವಳಿ ಪುಸ್ತಕ ಇವೇ ಮಾತು. ಇವತ್ತು ಒಂದು ಗಂಟೆ ಹಣದ ಲೆಕ್ಕ ಬದಿಗಿಟ್ಟು ಮನಸ್ಸಿನ ಲೆಕ್ಕ ನೋಡೋಣ. ಯಾಕೆ ಅಂದರೆ, ಮನಸ್ಸಿನ ಲೆಕ್ಕ ತಪ್ಪಿದರೆ ಹಣದ ಲೆಕ್ಕವೂ ತಪ್ಪುತ್ತೆ. ಇದನ್ನು ನನಗೆ ಕಲಿಸಿದ್ದು ನಮ್ಮ ಸಂಘಗಳ ಒಬ್ಬ ಸದಸ್ಯೆ. ಅವರ ಹೆಸರು ಬೇಡ. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಹೇಳ್ತಾ ಇದ್ದೀನಿ.

ಆ ತಂಗಿಗೆ ಕಂತು ಕಟ್ಟುವ ದಿನದ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದು ದಿನ ಸಭೆಯಲ್ಲೇ ಎದೆ ಡವಡವ ಹೊಡೆದುಕೊಂಡು, ಕೈಬೆರಳು ಜುಮ್ಮೆಂದು, ಉಸಿರು ಕಟ್ಟಿದಂತಾಗಿ, "ನಾನು ಸತ್ತೋಗ್ತೀನಿ ಕಣಕ್ಕ" ಎಂದು ಪಕ್ಕದವರ ಕೈ ಹಿಡಿದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇ.ಸಿ.ಜಿ. ತೆಗೆದು, ರಕ್ತ ಪರೀಕ್ಷೆ ಮಾಡಿ, "ಹೃದಯಕ್ಕೆ ಏನೂ ಆಗಿಲ್ಲ" ಅಂದರು. ಮನೆಯವರಿಗೆ ಅಷ್ಟು ಸಾಕಾಯಿತು. "ಡಾಕ್ಟ್ರೇ ಏನೂ ಇಲ್ಲ ಅಂದ್ರಲ್ಲ, ಇನ್ನೇನು? ಯಾರೋ ಏನೋ ಮಾಡಿಸವ್ರೆ" ಎಂದರು. ತಡೆ ಒಡೆಸಲು ಯಾರೋ ಒಬ್ಬರ ಹತ್ತಿರ ಹೋದರು. ಎರಡು ಮೇಕೆ ತರುತ್ತೇನೆಂದು ಸಂಘದಲ್ಲಿ ತೆಗೆದಿದ್ದ ಸಾಲದಲ್ಲಿ 7,000 ರೂಪಾಯಿ ಅಲ್ಲಿಗೆ ಹೋಯಿತು. ಕೈಗೊಂದು ದಾರ ಬಂತು.

ಹದಿನೈದು ದಿನ ನಿಜವಾಗಿಯೂ ಚೆನ್ನಾಗಿದ್ದರು. ಆಮೇಲೆ ಕಂತಿನ ದಿನ ಬಂತು, ಎದೆಬಡಿತವೂ ಬಂತು. ಆಗ ಅವರು ನನ್ನನ್ನು ಕೇಳಿದ್ದು ಇಷ್ಟು: "ಮೇಡಂ, ದಾರ ಸುಳ್ಳಾದ್ರೆ ಹದಿನೈದು ದಿನ ಹೆಂಗೆ ಚೆನ್ನಾಗಿದ್ದೆ? ನಿಜವಾದ್ರೆ ಮತ್ತೆ ಯಾಕೆ ಬಂತು?"

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ ಹೋಗಿ ಬರೋಣ.

ಮರದ ಪರೀಕ್ಷೆ

ನಮ್ಮ ಎಷ್ಟೋ ಊರುಗಳಲ್ಲಿ ಮಟಮಟ ಮಧ್ಯಾಹ್ನ ಹತ್ತಿರ ಹೋಗಬಾರದು ಅನ್ನುವ ಒಂದು ಹುಣಸೆಮರ ಇರುತ್ತೆ. 1784ರಲ್ಲಿ ಫ್ರಾನ್ಸ್ ದೇಶದಲ್ಲಿ ಇಂಥದೇ ಒಂದು ಮರದ ಪರೀಕ್ಷೆ ನಡೆಯಿತು. ಆಗ ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯ, ತನ್ನಲ್ಲಿ ಕಣ್ಣಿಗೆ ಕಾಣದ ಒಂದು ಆಯಸ್ಕಾಂತ ಶಕ್ತಿ ಇದೆ, ಅದರಿಂದ ರೋಗ ವಾಸಿ ಮಾಡುತ್ತೇನೆ ಎನ್ನುತ್ತಿದ್ದ. ಜನ ಮುಗಿಬಿದ್ದರು. ಇದು ನಿಜವೇ ಎಂದು ನೋಡಲು ರಾಜನು ವಿಜ್ಞಾನಿಗಳ ಸಮಿತಿ ನೇಮಿಸಿದ. ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದರು. ಅವರ ಮನೆಯ ತೋಟದಲ್ಲಿ ಮೆಸ್ಮರನ ಶಿಷ್ಯನು ಒಂದು ಮರಕ್ಕೆ "ಶಕ್ತಿ ತುಂಬಿದ". ಸುಮಾರು 12 ವರ್ಷದ ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಮರದ ಹತ್ತಿರ ಕರೆದುಕೊಂಡು ಹೋದರು. ಮೊದಲನೇ ಮರಕ್ಕೆ ಬೆವರಿದ, ಎರಡನೆಯದಕ್ಕೆ ತಲೆನೋವು ಅಂದ, ನಾಲ್ಕನೇ ಮರದ ಹತ್ತಿರ ಎಚ್ಚರ ತಪ್ಪಿ ಬಿದ್ದ. ಆದರೆ ಶಕ್ತಿ ತುಂಬಿದ ಮರ ಆ ನಾಲ್ಕರಲ್ಲಿ ಒಂದೂ ಆಗಿರಲಿಲ್ಲ!

ಆ ಹುಡುಗ ನಾಟಕ ಮಾಡಿದನೇ? ಇಲ್ಲ ತಾಯಿ. ಬೆವರು ನಿಜ, ಬಿದ್ದದ್ದೂ ನಿಜ. ಮರದಲ್ಲಿ ಏನೂ ಇರಲಿಲ್ಲ, ಅವನ ನಂಬಿಕೆಯಲ್ಲಿ ಎಲ್ಲಾ ಇತ್ತು. ಮನಸ್ಸು ನಂಬಿದ್ದನ್ನು ಮೈ ನಡೆಸಿಕೊಡುತ್ತೆ ಎಂದು ಅಲ್ಲಿ ಕಂಡಿತು.

ಗೋವಾದ ಗುರುಗಳು

ಈಗ ನಮ್ಮವರೇ ಒಬ್ಬರ ಕಥೆ ಕೇಳಿ. ಅಬ್ಬೆ ದುಬಾಯ್ ಹೆಸರು ನಮ್ಮ ಶ್ರೀರಂಗಪಟ್ಟಣದ ಗಂಜಾಂನವರಿಗೆ ಗೊತ್ತು. ಅವರು ಫ್ರಾನ್ಸಿನಿಂದ ಇಲ್ಲಿಗೆ ಬಂದ ಗುರುಗಳು. ಅದೇ ಕಾಲದಲ್ಲಿ ನಮ್ಮ ಕಡೆಯ ಒಬ್ಬ ಗುರುಗಳು ಫ್ರಾನ್ಸಿನಲ್ಲಿದ್ದರು. ಅವರೇ ಅಬ್ಬೆ ಫಾರಿಯ. 1756ರಲ್ಲಿ ಗೋವಾದ ಕಾಂದೋಳಿಯಲ್ಲಿ ಹುಟ್ಟಿದ ಕೊಂಕಣಿ ಮಾತಿನವರು. 1771ರಲ್ಲಿ ತಂದೆಯ ಜೊತೆ ಹಡಗು ಹತ್ತಿ ಪೋರ್ಚುಗಲ್‌ಗೆ ಹೋದರು, 1780ರಲ್ಲಿ ರೋಮಿನಲ್ಲಿ ಗುರುದೀಕ್ಷೆ ಪಡೆದರು.

ಅವರ ಬಗ್ಗೆ ಗೋವಾದಲ್ಲಿ ಒಂದು ಕಥೆ ಹೇಳುತ್ತಾರೆ. ಪೋರ್ಚುಗಲ್ ರಾಣಿಯ ಮುಂದೆ ಪ್ರಸಂಗ ಮಾಡಲು ನಿಂತಾಗ, ದೊಡ್ಡ ದೊಡ್ಡವರನ್ನು ನೋಡಿ ಅವರಿಗೆ ನಾಲಿಗೆಯೇ ಹೊರಳಲಿಲ್ಲವಂತೆ. ಕೆಳಗೆ ಕುಳಿತಿದ್ದ ತಂದೆ ಮೆಲ್ಲಗೆ ಕೊಂಕಣಿಯಲ್ಲಿ, ಇವರೆಲ್ಲಾ ಬರೀ ತರಕಾರಿ, ಹೆಚ್ಚು ಮಗನೇ ಎನ್ನುವ ಅರ್ಥದ ಮಾತು ಹೇಳಿದರಂತೆ. ತಕ್ಷಣ ಭಯ ಹೋಗಿ ಮಾತು ಬಂತಂತೆ. ರಾಣಿ ಬದಲಾಗಲಿಲ್ಲ, ಅರಮನೆ ಬದಲಾಗಲಿಲ್ಲ. ಒಂದು ಮಾತು ಮನಸ್ಸಿಗೆ ಹೊಕ್ಕಿತು, ಮೈ ಹಗುರವಾಯಿತು.

ಮುಂದೆ 1813ರಿಂದ ಅವರು ಪ್ಯಾರಿಸ್ಸಿನಲ್ಲಿ ಜನರ ಮುಂದೆ ಈ ವಿದ್ಯೆಯನ್ನು ಮಾಡಿ ತೋರಿಸಿದರು. ಮೆಸ್ಮರ್ "ಶಕ್ತಿ ನನ್ನದು" ಎಂದಿದ್ದ. ನಮ್ಮ ಫಾರಿಯ ಗುರುಗಳು "ನನ್ನಲ್ಲಿ ಯಾವ ಶಕ್ತಿಯೂ ಇಲ್ಲ, ಎಲ್ಲಾ ಕೇಳುವವರ ಮನಸ್ಸಿನಲ್ಲೇ ಇದೆ" ಎಂಬ ಅಭಿಪ್ರಾಯವನ್ನು ಸಾರಿದರು. ಜನ ಅವರನ್ನು ಗೇಲಿ ಮಾಡಿದರು. 1819ರಲ್ಲಿ ಬಡತನದಲ್ಲೇ ತೀರಿಕೊಂಡರು. ಆದರೆ ಅವರ ಮಾತೇ ಸರಿ ಎಂದು ಮುಂದಿನವರು ಒಪ್ಪಿದರು. ಪಣಜಿಗೆ ಹೋದರೆ 1945ರಲ್ಲಿ ನಿಲ್ಲಿಸಿದ ಅವರ ಪ್ರತಿಮೆ ನೋಡಬಹುದು.

ಸಮ್ಮೋಹನ ಎಂದರೇನು?

ಬಸ್ ನಿಲ್ದಾಣದ ಗೋಡೆಯ ಮೇಲೆ "ವಶೀಕರಣ" ಎಂದು ಬರೆದ ಚೀಟಿ ನೋಡಿದ್ದೀರಿ. ಸಮ್ಮೋಹನ ಅದಲ್ಲ. ಅದು ನಿದ್ದೆಯೂ ಅಲ್ಲ. ಧಾರಾವಾಹಿ ನೋಡುತ್ತಾ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ ಅಲ್ಲವೇ? ಹಾಗೆ ಮನಸ್ಸು ಒಂದೇ ಕಡೆ ನೆಟ್ಟು, ಮೈ ಸಡಿಲವಾಗಿ, ಒಳ್ಳೆಯ ಸಲಹೆಯ ಮಾತು ಆಳಕ್ಕೆ ಇಳಿಯುವ ಸ್ಥಿತಿ ಅದು. ತರಬೇತಾದ ವೈದ್ಯರು, ಮನಶ್ಶಾಸ್ತ್ರಜ್ಞರು ಇದನ್ನು ಶಸ್ತ್ರಚಿಕಿತ್ಸೆಯ ಮುಂಚಿನ ಭಯಕ್ಕೆ, ನೋವಿಗೆ, ಆತಂಕಕ್ಕೆ ಬೇರೆ ಚಿಕಿತ್ಸೆಯ ಜೊತೆಗೆ ಬಳಸುತ್ತಾರೆ. 1955ರಲ್ಲಿ ಬ್ರಿಟನ್ನಿನ ವೈದ್ಯರ ಸಂಘ, 1958ರಲ್ಲಿ ಅಮೆರಿಕದ ವೈದ್ಯರ ಸಂಘ ಇದಕ್ಕೆ ವೈದ್ಯಕೀಯದಲ್ಲಿ ಜಾಗ ಇದೆ ಎಂದು ಒಪ್ಪಿದವು. ಎಲ್ಲರಿಗೂ ಒಂದೇ ಸಮ ಹಿಡಿಸುವುದಿಲ್ಲ ಎಂಬುದೂ ನಿಜ.

ಕ್ರೈಸ್ತ ಸಹೋದರಿಯರು "ಇದು ಪಾಪವೇ?" ಎಂದು ಕೇಳಬಹುದು. 1957ರಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು ವೈದ್ಯರಿಗೆ ಮಾತಾಡುತ್ತಾ, ಚಿಕಿತ್ಸೆಗಾಗಿ ತಿಳಿದ ವೈದ್ಯರು ಎಚ್ಚರಿಕೆಯಿಂದ ಬಳಸಬಹುದು, ಇದು ಆಟದ ವಸ್ತುವಲ್ಲ ಎಂಬರ್ಥದಲ್ಲಿ ತಿಳಿಸಿದ್ದಾರೆ.

ತಂಗಿಯ ಪ್ರಶ್ನೆಗೆ ಉತ್ತರ

ಈಗ ದಾರದ ವಿಷಯಕ್ಕೆ ಬರೋಣ. ಹದಿನೈದು ದಿನ ಸಮಾಧಾನ ಕೊಟ್ಟದ್ದು ಅವರದೇ ನಂಬಿಕೆ. ಆದರೆ ಆ ನಂಬಿಕೆಯನ್ನು ಅವರು ದಾರಕ್ಕೆ ಕಟ್ಟಿಬಿಟ್ಟಿದ್ದರು. ದಾರ ಸವೆದಂತೆ ಧೈರ್ಯವೂ ಸವೆಯಿತು. ಇತ್ತ ಸಾಲ ಹಾಗೇ ಇತ್ತು, ಮೇಕೆ ಬರಲಿಲ್ಲ. ಜೊತೆಗೆ "ಯಾರೋ ಮಾಡಿಸವ್ರೆ" ಎಂಬ ಹೊಸ ಭಯ ಸೇರಿಕೊಂಡು, ಪಕ್ಕದ ಮನೆಯವರ ಜೊತೆ ಮಾತೂ ನಿಂತಿತ್ತು. ಸ್ವಂತ ಶಕ್ತಿಯನ್ನೇ 7,000 ಕೊಟ್ಟು ಬಾಡಿಗೆಗೆ ತಂದ ಹಾಗಾಯಿತು.

ದೇವರ ಮೇಲಿನ ನಂಬಿಕೆಯನ್ನು ನಾನು ಬೇಡ ಅನ್ನುತ್ತಿಲ್ಲ. ಜಪಮಾಲೆ ಹಿಡಿಯಿರಿ, ಮನೆದೇವರಿಗೆ ದೀಪ ಹಚ್ಚಿ. ಪ್ರಾರ್ಥನೆ ಭಯ ಕಳೆಯುತ್ತೆ. ಭಯ ಹುಟ್ಟಿಸಿ ಹಣ ಕೇಳುವವರಿಂದ ಮಾತ್ರ ದೂರ ಇರಿ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಹಿಂಸೆ ಕೊಡುವುದು ನಮ್ಮ ರಾಜ್ಯದಲ್ಲಿ 2017ರ ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಮನೆಯಲ್ಲೇ ಮಾಡುವ ಅಭ್ಯಾಸ

ಆತಂಕ ಅಂದರೆ ಮೈಯೊಳಗಿನ ಕಾವಲು ನಾಯಿ ಬೊಗಳುವುದು. ಕಳ್ಳ ಬಂದಾಗ ಬೊಗಳಲೇಬೇಕು. ಗಾಳಿಗೆ ಎಲೆ ಅಲ್ಲಾಡಿದರೂ ಬೊಗಳಿದರೆ ಕಷ್ಟ. ಬೊಗಳಿದಾಗ ಎದೆ ಓಡುತ್ತೆ, ಉಸಿರು ಮೇಲೆ ಮೇಲೆ ಬರುತ್ತೆ. ಹಾಗೆ ಬಿರುಸಾಗಿ ಉಸಿರಾಡಿದ್ದಕ್ಕೇ ತಲೆ ಸುತ್ತಿ ಬೆರಳು ಜುಮ್ಮೆನ್ನುತ್ತೆ. ಅದನ್ನು ಕಂಡು ಇನ್ನೂ ಹೆದರುತ್ತೇವೆ. ಈ ನಾಯಿಯನ್ನು ಪಳಗಿಸಬಹುದು. ದಿನಾ ಹತ್ತು ನಿಮಿಷ ಸಾಕು:

1. ಗೋಡೆಗೆ ಒರಗಿ ಕುಳಿತು ಕಣ್ಣು ಮುಚ್ಚಿ. ನಾಲ್ಕು ಎಣಿಸುವಷ್ಟು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಬಿಡುವುದು ಉದ್ದವಾಗಲಿ, ಎದೆಬಡಿತ ಇಳಿಯುತ್ತೆ.

2. ಪಾದದಿಂದ ಹಣೆಯವರೆಗೆ ಒಂದೊಂದೇ ಭಾಗ ಬಿಗಿಹಿಡಿದು ಸಡಿಲ ಬಿಡಿ.

3. ನಿಮಗೆ ನೆಮ್ಮದಿ ಕೊಡುವ ಜಾಗ ನೆನೆಯಿರಿ. ನಾಲೆಗೆ ನೀರು ಬಿಟ್ಟಾಗ ಕೇಳುವ ಸದ್ದು, ಗದ್ದೆ ಬದುವಿನ ಗಾಳಿ, ತವರಿನ ಜಗುಲಿ, ಯಾವುದಾದರೂ ಸರಿ.

4. ಈಗ ಒಂದು ಮಾತು ಹೇಳಿಕೊಳ್ಳಿ. ಮಾತು ಸಣ್ಣದಿರಲಿ, ನಿಜವಾಗಿರಲಿ. "ನನ್ನ ಸಾಲ ತೀರಿಹೋಗಿದೆ" ಅಂದರೆ ಮನಸ್ಸು ನಂಬೋಲ್ಲ. "ಎದೆ ಹೊಡೆದುಕೊಂಡರೂ ಇದು ಇಳಿಯುತ್ತೆ, ನಾನು ತಡೀತೀನಿ" ಅಂದರೆ ನಂಬುತ್ತೆ.

ಭಯ ಬಂದ ದಿನ ಮಾತ್ರ ಮಾಡಿದರೆ ಸಾಲದು. ವಾರ ವಾರದ ಉಳಿತಾಯದ ಹಾಗೆ ಮುಂಚೆಯೇ ಕೂಡಿಡಬೇಕು, ಬೇಕಾದಾಗ ಸಿಗುತ್ತೆ.

ಎಚ್ಚರಿಕೆಯ ಮಾತು

ನಂಬಿಕೆ ಸಾಲ ತೀರಿಸುವುದಿಲ್ಲ. ಕಂತಿನ ಭಯ ಇದ್ದರೆ ಮುಚ್ಚಿಡಬೇಡಿ, ಸಂಘದ ಮುಂದೆ ಇಡಿ, ಕಂತು ಹಿಗ್ಗಿಸುವ ದಾರಿ ಕೂತು ನೋಡೋಣ. ಮನೆ ಬಾಗಿಲಿಗೆ ಬಂದು ಹೆದರಿಸಿ ಸಾಲ ವಸೂಲಿ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಒಬ್ಬರೇ ಅಳುವ ಬದಲು ಎಲ್ಲರೂ ಸೇರಿ ಠಾಣೆಗೆ ಹೋಗಬಹುದು.

ಎದೆಬಡಿತ ಅಂದ ಕೂಡಲೇ ಆತಂಕ ಅಂದುಕೊಳ್ಳಬೇಡಿ. ರಕ್ತಹೀನತೆ, ಥೈರಾಯ್ಡ್, ಹೃದಯದ ಕಾಯಿಲೆಯಲ್ಲೂ ಬರುತ್ತೆ. ಮೊದಲು ವೈದ್ಯರಿಗೆ ತೋರಿಸಿ. ಬಿ.ಪಿ., ಶುಗರ್ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ. ಸಮ್ಮೋಹನ ಚಿಕಿತ್ಸೆ ಬೇಕಾದರೆ ಮನೋವೈದ್ಯರನ್ನೇ ಕೇಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಎನ್ನಿಸಿದರೆ, ಒಂದು ದಿನವೂ ತಡ ಮಾಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಆ ತಂಗಿಯ ಸುದ್ದಿ. ವೈದ್ಯರ ಸಲಹೆ ಪಡೆದರು, ಈ ಅಭ್ಯಾಸ ಮಾಡಿದರು. ಸಂಘದವರು ಕಂತನ್ನು ಹಿಗ್ಗಿಸಿಕೊಟ್ಟರು. ಈಗಲೂ ಕೆಲವು ಸಲ ಎದೆ ಹೊಡೆದುಕೊಳ್ಳುತ್ತೆ ಅಂತಾರೆ. "ಬೊಗಳಲಿ ಬುಡಿ ಮೇಡಂ, ನಮ್ಮ ಮನೆ ನಾಯಿ ತಾನೇ" ಎಂದು ನಗುತ್ತಾರೆ. ಒಂದು ಮೇಕೆ ತಂದಿದ್ದಾರೆ. ಪಕ್ಕದ ಮನೆಯವರ ಜೊತೆ ಮಾತೂ ಆಡಿದ್ದಾರೆ.

ಮುಂದಿನ ಸಭೆಯಲ್ಲಿ ಲೆಕ್ಕ ಶುರು ಮಾಡುವ ಮುಂಚೆ ಐದು ನಿಮಿಷ ಎಲ್ಲರೂ ಸೇರಿ ಈ ಅಭ್ಯಾಸ ಮಾಡಿ. ನಿಮ್ಮ ಪಕ್ಕದಲ್ಲಿ ಕೂತವರ ಮುಖ ಬಾಡಿದ್ದರೆ, "ಯಾಕವ್ವ, ಏನಾಯ್ತು?" ಎಂದು ಕೇಳಿ.