ಫ್ಯೂಸ್ ಪದೇ ಪದೇ ಹೋಗುತ್ತಾ? ತಂತಿ ಸುತ್ತಬೇಡಿ

ಭದ್ರಾವತಿಯ ಜನ್ನಾಪುರದಿಂದ ಮಾತಾಡ್ತಿದ್ದೇನೆ. ಇವತ್ತಿನ ವಿಷಯ ಬೀದಿಯ ಕಂಬದ ಮೇಲಿರೋ ಟಿಸಿ ಅಲ್ಲ. ಅದರ ಫ್ಯೂಸ್ ಹೋದ್ರೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ, ನೀವು ಮುಟ್ಟಬೇಡಿ. ನಾನು ಹೇಳೋದು ಆಂಪ್ಲಿಫೈಯರ್, ಚಾರ್ಜರ್ ಒಳಗೆ 230 ವೋಲ್ಟನ್ನು 12ಕ್ಕೆ ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರ್ ಬಗ್ಗೆ.

ನಮ್ಮ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತೆ, ನಿಮಗೇ ಗೊತ್ತು. ವಾಪಸ್ ಬಂದ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ಮಾಮೂಲಿಗಿಂತ ಹತ್ತು ಪಟ್ಟು ಕರೆಂಟನ್ನೂ ಎಳೆಯಬಹುದು. ಅದು ಇರೋದು ಕಣ್ಣು ಮಿಟುಕಿಸುವಷ್ಟು ಹೊತ್ತು. ಬೇಗ ಕರಗುವ ಫ್ಯೂಸ್ ಹಾಕಿದ್ರೆ ಅಷ್ಟಕ್ಕೇ ಹೋಗಿಬಿಡುತ್ತೆ. ನಾಲ್ಕು ಸಲ ಬದಲಾಯಿಸಿ ಬೇಸತ್ತವರು ಐದನೇ ಸಲ ತಾಮ್ರದ ಎಳೆ ಸುತ್ತುತ್ತಾರೆ. ಅಪಾಯ ಶುರುವಾಗೋದೇ ಅಲ್ಲಿ. ಆಮೇಲೆ ಒಳಗೆ ಶಾರ್ಟ್ ಆದ್ರೆ ತಡೆಯೋಕೆ ಏನೂ ಇಲ್ಲ. ವೈಂಡಿಂಗ್ ಸುಟ್ಟು ಬೆಂಕಿ ಹತ್ತಬಹುದು.

ಪರಿಹಾರ ಸುಲಭ. ಫ್ಯೂಸಿನ ಲೋಹದ ತುದಿಯಲ್ಲಿ ಅಕ್ಷರ ನೋಡಿ: 'ಎಫ್' ಅಂದ್ರೆ ಬೇಗ ಕರಗೋದು, 'ಟಿ' ಅಂದ್ರೆ ನಿಧಾನದ್ದು. 230 ವೋಲ್ಟ್ ಕಡೆಗೆ 'ಟಿ' ಬೇಕು.

ಈಗ ಲೆಕ್ಕ. 60 ವಿಎ ಟ್ರಾನ್ಸ್‌ಫಾರ್ಮರ್ ಅಂತಿಟ್ಟುಕೊಳ್ಳಿ. 60ನ್ನು 230ರಿಂದ ಭಾಗಿಸಿದ್ರೆ 0.26 ಆಂಪಿಯರ್. ಸುಮಾರು ಒಂದೂವರೆ ಪಟ್ಟು, ಅಂದ್ರೆ 400 ಮಿಲಿಆಂಪಿಯರ್ ಫ್ಯೂಸ್ ಸಾಕು. 12 ವೋಲ್ಟ್ ಕಡೆ ಗರಿಷ್ಠ 5 ಆಂಪಿಯರ್.

ಒಂದೇ ಫ್ಯೂಸ್ ಸಾಲದಾ? ಸಾಲಲ್ಲ. 12 ವೋಲ್ಟ್ ಕಡೆ ಯಾವುದೋ ದೋಷಕ್ಕೆ 10 ಆಂಪಿಯರ್ ಹರೀತಿದೆ ಅನ್ನಿ, ಟ್ರಾನ್ಸ್‌ಫಾರ್ಮರಿನ ತಾಕತ್ತಿಗಿಂತ ಎರಡು ಪಟ್ಟು. ಆದ್ರೆ ಆಚೆ ಕಡೆ ಹರಿಯೋದು ಬರೀ ಅರ್ಧ ಆಂಪಿಯರ್ ಚಿಲ್ಲರೆ. 400 ಮಿಲಿಆಂಪಿಯರ್ ಫ್ಯೂಸ್ ಅದನ್ನ ಗಂಟೆಗಟ್ಟಲೆ ತಡ್ಕೊಳ್ಳುತ್ತೆ, ಅಷ್ಟರಲ್ಲಿ ವೈಂಡಿಂಗ್ ಬೇಯುತ್ತೆ. ಅದಕ್ಕೇ 12 ವೋಲ್ಟ್ ಕಡೆಗೂ ಒಂದು ಫ್ಯೂಸ್. ನಿಮ್ಮ ಸಾಧನಕ್ಕೆ 3 ಆಂಪಿಯರ್ ಸಾಕಾದ್ರೆ 4ರದ್ದು ಹಾಕಿ. 10 ಹರಿದ್ರೆ ಅದು ಉಳಿಯಲ್ಲ. ಎರಡು ಔಟ್‌ಪುಟ್ ವೈಂಡಿಂಗ್ ಇದ್ರೆ ಎರಡಕ್ಕೂ ಬೇರೆ ಬೇರೆ.

ಸರಿಯಾದ ಫ್ಯೂಸ್ ಹಾಕಿದ ಮೇಲೂ ಹೋಗ್ತಿದ್ರೆ ದೊಡ್ಡದು ಹಾಕಬೇಡಿ. ಪ್ಲಗ್ ತೆಗೆದು, ರಿಪೇರಿಯವರಿಗೆ ತೋರಿಸಿ. ಫ್ಯೂಸಿನ ಬೆಲೆ ಕೆಲವೇ ರೂಪಾಯಿ.